ವಿನಿಗೆ ಸಾಯುವುದನ್ನು ಕಲಿಸಿದ ಅಜ್ಜಿ

ಮೊನ್ನೆ ಮಧ್ಯಾಹ್ನ ಹಲಸಿನ ಬೀಜ ಸುಲಿಯುತ್ತ ಟೀವಿ ಮುಂದೆ ಕೂತಿದ್ದೆ. ನಮ್ಮ ಮನೆಗೆ ಕೇಬಲ್ ಬಂದು ಎರಡು ತಿಂಗಳಾಯಿತು. ಕ್ರಿಕೆಟ್ಟಿಗೆಂದು ಹಾಕಿಸಿದವರು ನಮ್ಮ ಯಜಮಾನರು, ಕ್ರಿಕೆಟ್ಟು ಶುರುವಾದ ಕೂಡಲೇ ಪೇಪರ್ ಮುಖಕ್ಕೆಳೆದುಕೊಂಡು ನಿದ್ದೆ ಹೊಡೆಯುವವರೂ ಅವರೇ. ಹಾಗಾಗಿ ರಿಮೋಟು ನನ್ನ ಪಾಲಿಗೆ. ಒತ್ತುತ್ತ ಒತ್ತುತ್ತ ಹೋದಾಗ ಯಾವುದೋ ಇಂಗ್ಲಿಷ್ ಧಾರಾವಾಹಿ ಸಿಕ್ಕಿತು. ಅರ್ಥವಾಗುವುದು ಅರ್ಧ, ಮಿಕ್ಕರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಎಷ್ಟೋ ಸಲ ನಾನು ಕಟ್ಟಿದ ಕಥೆಯೇ ಚೆನ್ನಾಗಿರುತ್ತದೆ.

ಅದರಲ್ಲೊಬ್ಬಳು ಬಿಳಿಗೂದಲಿನ ಮುದುಕಿ ಸಾಯುತ್ತಿದ್ದಳು. ಹಿತ್ತಾಳೆ ಮಂಚ, ಸುತ್ತ ಮಕ್ಕಳು ಮೊಮ್ಮಕ್ಕಳು. ಅವಳು ಎದೆ ಹಿಡಿದುಕೊಳ್ಳಲಿಲ್ಲ, ಕೊನೇ ಮಾತೆಂದು ಏನೂ ಆಡಲಿಲ್ಲ. ಮೆಲ್ಲಗೆ ಗೋಡೆ ಕಡೆಗೆ ಒಂದು ಗೇಣು ಸರಿದಳು. ತೆರವಾದ ಜಾಗವನ್ನು ಅಂಗೈಯಿಂದ ಎರಡು ಸಲ ಸವರಿ ಸರಿಮಾಡಿದಳು, ಯಾರೋ ಬಂದು ಕೂರುವವರಿದ್ದಾರೆ ಎಂಬ ಹಾಗೆ. ಆಮೇಲೆ ಸುಮ್ಮನಾದಳು.

ನನ್ನ ಮಡಿಲಲ್ಲಿದ್ದ ಬೀಜವೆಲ್ಲ ನೆಲಕ್ಕೆ ಉರುಳಿತು. ಆ ಮುದುಕಿ ನಮ್ಮ ವಿನಿ. ಅದಕ್ಕಿಂತ ದೊಡ್ಡ ಪೆಟ್ಟು ಪಕ್ಕದ ಕುರ್ಚಿಯಿಂದ ಬಂತು. ಯಾವಾಗ ಎದ್ದಿದ್ದರೋ ಏನೋ, ನಮ್ಮವರು ಪೇಪರ್ ಕೆಳಗಿಳಿಸಿ, "ಅಜ್ಜಿ ಹಿಂಗೇ ಮಾಡಿದ್ದ್" ಎಂದರು. ನಲವತ್ತು ವರ್ಷದಲ್ಲಿ ಈ ಮಾತನ್ನು ನನಗೆ ಒಂದು ದಿನವೂ ಹೇಳಿದವರಲ್ಲ. ಅಜ್ಜಿ ಹೋಗುವಾಗ ಹತ್ತಿರ ಇದ್ದವರು ಅವರೊಬ್ಬರೇ. ನಾನಿರಲಿಲ್ಲ. ಯಾಕಿರಲಿಲ್ಲ ಎಂದು ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ.

ಕೊಡಗು ಆಗ ಪ್ರತ್ಯೇಕ ರಾಜ್ಯ. ನಮ್ಮದೇ ಸರ್ಕಾರ, ನಮ್ಮದೇ ಗರ್ವ. ನನಗೆ ಹತ್ತೊಂಬತ್ತು ವರ್ಷ, ಮೂರ್ನಾಡಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದು ನಾಲ್ಕು ತಿಂಗಳು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮವರ ಅಜ್ಜಿ, ಅಷ್ಟೇ. ಅಪ್ಪ ಅಮ್ಮ ಇಲ್ಲದ ನಮ್ಮವರನ್ನು ಸಾಕಿದ್ದು ಆ ಅಜ್ಜಿ. ನಾನು ಬರುವಷ್ಟರಲ್ಲಿ ಅವರು ಹಾಸಿಗೆ ಹಿಡಿದಾಗಿತ್ತು. ಕಾಲು ಸೋತಿತ್ತು, ಉಸಿರು ಸೋತಿತ್ತು, ಬಾಯಿ ಮಾತ್ರ ಗಟ್ಟಿ. ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು ಎಂಬ ಹಮ್ಮು ನನಗೆ ಬೆಟ್ಟದಷ್ಟಿತ್ತು. ಅಜ್ಜಿ ಅದನ್ನು ಒಂದೇ ವಾರದಲ್ಲಿ ಇಳಿಸಿದರು. "ಇಂಗ್ಲಿಷಿಲಿ ಅನ್ನ ಬೆಂದದೆನಾ?" ಎಂದು ಕೇಳಿದ್ದರು, ನಾನು ಅನ್ನ ಹೊತ್ತಿಸಿದ ದಿನ.

ಅಷ್ಟರಲ್ಲಿ ನಮ್ಮ ಪಕ್ಕದ ಎಸ್ಟೇಟಿಗೆ ಇಂಗ್ಲೆಂಡಿನಿಂದ ಸಿನಿಮಾದವರು ಬಂದಿಳಿದರು. ನಾಲ್ಕು ಜೀಪು, ಎರಡು ಲಾರಿ, ಮೈಸೂರಿನಿಂದ ತಂದ ಹುಲ್ಲು ತುಂಬಿದ ಹುಲಿ ಒಂದು. ಅವರ ಕಥೆಯಲ್ಲಿ ಎಸ್ಟೇಟ್ ಬಂಗಲೆಯ ಅಂಗಳಕ್ಕೆ ಹುಲಿ ಬರುತ್ತದಂತೆ, ದೊರೆಯ ಹೆಂಡತಿ ಕೋವಿ ಎತ್ತಿ ಅದಕ್ಕೆ ಎರಡು ಗುಂಡು ಹೊಡೆಯುತ್ತಾಳಂತೆ. ಆ ದೊರೆಯ ಹೆಂಡತಿಯಾಗಿ ನಟಿಸುತ್ತಿದ್ದವಳೇ ವಿನಿ.

ಕೊಡಗಿನವರಿಗೆ ನಾನಿದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಮನೆಮನೆಗೂ ಕೋವಿ. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಫೋನಿಲ್ಲದ ಊರಿನಲ್ಲಿ ಅದೇ ಟೆಲಿಗ್ರಾಂ. ಎರಡು ಗುಂಡು ಕೇಳಿತೆಂದರೆ ಉಣ್ಣುತ್ತಿದ್ದವರು ಕೈ ತೊಳೆದು ಏಳಬೇಕು, ಮನೆಗೊಬ್ಬ ಗಂಡಾಳು ಸೌದೆ ಕಡಿಯಲು ಕತ್ತಿ ಹಿಡಿದು ಬರಬೇಕು, ಹೆಂಗಸರು ಬಿಳಿ ಉಟ್ಟು ಬರಬೇಕು. ಜಗಳವಾಡಿ ಮಾತು ಬಿಟ್ಟವರೂ ಬರಬೇಕು. ಕರೆಯಲು ಯಾರೂ ಹೋಗುವುದಿಲ್ಲ, ಆ ಸದ್ದೇ ಕರೆ.

ಇದು ಸಿನಿಮಾದವರಿಗೆ ಗೊತ್ತಿಲ್ಲ. ಅವರು ಬಂದ ಮರುದಿನ ಕೋವಿ ಸರಿಯಿದೆಯೋ ಇಲ್ಲವೋ ಎಂದು ಒಂದೇ ಒಂದು ಗುಂಡು ಹಾರಿಸಿ ನೋಡಿದರು. ಸದ್ದು ಬಂದದ್ದು ನಮ್ಮ ದಿಕ್ಕಿನಿಂದ. ಆ ದಿಕ್ಕಿನಲ್ಲಿ ಹೊಸ ಸೊಸೆ ಇರುವ ಮನೆ ನಮ್ಮದೊಂದೇ. ಗದ್ದೆಯಾಚೆಯ ಬೆಳ್ಯಪ್ಪಣ್ಣ, ನಮ್ಮವರಿಗೆ ದೂರದ ಸಂಬಂಧಿ, ಓಡಿ ಬಂದು ಅಂಗಳದಲ್ಲಿ ನಿಂತು ನನ್ನ ಹೊಟ್ಟೆ ನೋಡಿದರು, ನನ್ನ ಮುಖ ನೋಡಿದರು.

"ಎಂಥ ಸೀತಮ್ಮ, ನಾಕೇ ತಿಂಗಳಿಗೆನಾ?"

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಳಗಿನಿಂದ ಅಜ್ಜಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ನಮ್ಮವರು ದನದ ಹಟ್ಟಿಗೆ ಹೋದವರು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಎರಡು ಗುಂಡು ಬಿದ್ದವು. ಅಜ್ಜಿ ಗಂಜಿ ಕುಡಿಯುತ್ತಿದ್ದರು. "ಯಾರ್ ಹೋದದ್ದ್?" ಎಂದು ಕೇಳಿದರು. ನನಗೇನು ಗೊತ್ತು. ಬಾಗಿಲಿಗೆ ಬಂದು ನೋಡುತ್ತೇನೆ, ಗದ್ದೆ ಬದುವಿನ ಮೇಲೆ ಸಾಲಾಗಿ ಬಿಳಿ ಸೀರೆಗಳು, ಕತ್ತಿ ಹಿಡಿದ ಗಂಡಸರು, ಎಲ್ಲರ ಮುಖವೂ ನಮ್ಮ ಮನೆಯ ಕಡೆಗೆ. ಹಾಸಿಗೆ ಹಿಡಿದವರು ಊರಿನಲ್ಲಿ ಅಜ್ಜಿಯೊಬ್ಬರೇ, ಹಾಗಾಗಿ ಯಾರೂ ಯಾರನ್ನೂ ಕೇಳದೆ ಹೊರಟುಬಿಟ್ಟಿದ್ದರು. ಬದುಕಿರುವವರ ಮನೆಗೆ ಸಾವಿಗೆ ಬಂದವರನ್ನು ಏನೆಂದು ಕರೆದು ಕೂರಿಸುವುದು? ಮೊದಲು ಒಳಗೆ ಬಂದ ಹೆಂಗಸು ಬಾಗಿಲಲ್ಲೇ ಅಳು ತೆಗೆದಳು. ಅಜ್ಜಿ ಗಂಜಿ ಬಟ್ಟಲು ಕೆಳಗಿಟ್ಟು, "ನಾ ಇನ್ನೂ ಇಲ್ಲೇ ಒಳೆ, ಕುದಿ" ಎಂದರು. ನಾನಿನ್ನೂ ಇಲ್ಲೇ ಇದ್ದೇನೆ, ಕೂತುಕೋ ಎಂದು. ಆ ಹೆಂಗಸು ಅಳುತ್ತಿದ್ದವಳು ಹಾಗೇ ಕೂತಳು.

ಅಜ್ಜಿ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಲ್ಲ, ಅವರು ಮೊದಲ ಸಲ ದಿಂಬಿಗೊರಗಿ ಎದ್ದು ಕೂತು ಒಬ್ಬೊಬ್ಬರನ್ನೇ ನೋಡಿದರು. ಯಾರು ಬಂದಿದ್ದಾರೆ, ಯಾರು ಕಾಣುವುದಿಲ್ಲ, ಯಾರು ಕತ್ತಿ ತಂದಿಲ್ಲ, ಎಲ್ಲವನ್ನೂ. ಎಲ್ಲರಿಗೂ ಕಾಫಿ ಮಾಡಿಸಿದರು. ಅವರೆಲ್ಲ ಹೋದ ಮೇಲೆ ನನ್ನ ಕೈ ಹಿಡಿದು, "ಅಂಗಳ ತುಂಬಿತ್ತಲ್ಲಾ ಸೀತೆ" ಎಂದರು. ಅಷ್ಟು ಸಂತೋಷದ ಮುಖ ನಾನು ಆ ಮನೆಯಲ್ಲಿ ಅದುವರೆಗೆ ಕಂಡಿರಲಿಲ್ಲ.

ಸುದ್ದಿ ಎಸ್ಟೇಟಿಗೆ ಮುಟ್ಟಿತು. ಸಂಜೆ ಜೀಪಿನಲ್ಲಿ ಕ್ಷಮೆ ಕೇಳಲು ಬಂದವಳು ವಿನಿ, ಜೊತೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ನಾನು ಕಾನ್ವೆಂಟಿನ ಇಂಗ್ಲಿಷನ್ನೆಲ್ಲ ಒಟ್ಟುಮಾಡಿಕೊಂಡು ಬಾಗಿಲಿಗೆ ಹೋಗಿ, "ಸಾರಿ, ಗ್ರ್ಯಾಂಡ್‌ಮದರ್ ಈಸ್ ನಾಟ್ ಡೆಡ್" ಎಂದೆ. ಅವಳು ಗಂಭೀರವಾಗಿ, ಅದಕ್ಕೆ ನೀವು ಸಾರಿ ಹೇಳಬೇಕಾಗಿಲ್ಲ ಎಂದಳು. ಇವತ್ತಿಗೂ ಅದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ರೈಟರ್ ಒಂದು ಉಪಾಯ ತಂದಿದ್ದ. ಹುಲಿ ಬೀಳುವುದು ಡೈರೆಕ್ಟರಿಗೆ ಸರಿ ಕಾಣುವುದಿಲ್ಲ, ಒಮ್ಮೆ ಮೋಡ, ಒಮ್ಮೆ ಬೆಳಕು ಹೆಚ್ಚು, ಇನ್ನೂ ಹತ್ತು ದಿನ ಗುಂಡು ಹಾರುತ್ತದೆ. ಅದಕ್ಕೇ ಮನೆಮನೆಗೆ ಹೇಳಿಬರುವುದು, ಸಿನಿಮಾದವರು ಹೋಗುವವರೆಗೆ ಗುಂಡಿನ ಸದ್ದಿಗೆ ಯಾರೂ ಬರಬೇಡಿ ಎಂದು. ನಮ್ಮವರಿಗೂ ಅದು ಸರಿಯೆನ್ನಿಸಿತು. ಅವರೇ ರೈಟರ್ ಜೊತೆ ಹೊರಟು ನಿಂತರು. ಆಗ ಅಜ್ಜಿ ಒಳಗಿನಿಂದ ಕೇಳಿದರು:

"ಆ ಹತ್ತ್ ದಿನಲಿ ನಾ ಹೋದರೆ ಯಾರ್ ಬಂದವೆ?"

"ಹತ್ತೇ ದಿನ ಅಜ್ಜಿ. ನೀ ಎಲ್ಲಿಗೂ ಹೋಗುದುಲೆ" ಎಂದರು ನಮ್ಮವರು.

"ಕಾಯ್ಕೆ ಅದ್ ನನ್ನ ಕೈಲಿ ಉಟ್ಟಾ?"

ನಮ್ಮವರು ರೈಟರ್ ಜೊತೆ ಹೊರಟೇಬಿಟ್ಟರು. ವಿನಿ ನನ್ನ ತೋಳು ಹಿಡಿದು ಅಜ್ಜಿ ಏನು ಕೇಳಿದರು ಎಂದಳು. ಆ ಹತ್ತು ದಿನದಲ್ಲಿ ನಾನು ಸತ್ತರೆ ಯಾರು ಬರುತ್ತಾರೆ, ಕಾಯುವುದು ನನ್ನ ಕೈಯಲ್ಲಿದೆಯೇ ಎನ್ನುತ್ತಿದ್ದಾರೆ ಎಂದು ತೊದಲಿ ತೊದಲಿ ಹೇಳಿದೆ. ಅವಳು ಮರುದಿನವೇ ಡೈರೆಕ್ಟರ್ ಹತ್ತಿರ ಜಗಳಕ್ಕೆ ನಿಂತಳಂತೆ, ಎರಡರ ಬದಲು ಮೂರು ಗುಂಡು ಹೊಡೆಯುತ್ತೇನೆ ಎಂದು. ಅವನು ಒಪ್ಪಲಿಲ್ಲ. ಕಥೆಯಲ್ಲಿ ಹುಲಿ ಎರಡನೆಯ ಗುಂಡಿಗೇ ಸಾಯಬೇಕಿತ್ತು.

ಅಲ್ಲಿಂದ ದಿನಾ ಕೆಲಸ ಮುಗಿದ ಮೇಲೆ ವಿನಿ ನಮ್ಮ ಮನೆಗೆ ಬರತೊಡಗಿದಳು. ಅಜ್ಜಿಗೆ ಊರ ಮಾತಾದ ಅರೆಭಾಷೆ ಬಿಟ್ಟು ಬೇರೆ ಬಾರದು, ಅವಳಿಗೆ ಇಂಗ್ಲಿಷ್ ಬಿಟ್ಟು ಬಾರದು, ನಡುವೆ ನಾನು ಎರಡೂ ಅರ್ಧಂಬರ್ಧ ಬರುವವಳು. ಅಜ್ಜಿ ಅವಳನ್ನು ಹುಡುಗಿ ಎಂಬುದಕ್ಕೆ ಅರೆಭಾಷೆಯಲ್ಲಿ ಹೇಳುವ ಹಾಗೆ ಗೂಡೆ ಎಂದೇ ಕರೆಯುತ್ತಿದ್ದರು, ಪೋಲೀಸಿನವರ ಹಾಗೆ ವಿಚಾರಣೆ ಮಾಡುತ್ತಿದ್ದರು. ಹಾಗೆ ತಿಳಿದದ್ದು ಇಷ್ಟು. ಅಪ್ಪ ಸಮುದ್ರದ ದಂಡೆಯ ಊರೊಂದರಲ್ಲಿ ಮೀನು ಹುರಿದು ಮಾರುವವನು. ಯುದ್ಧದ ಕಾಲದಲ್ಲಿ ಸೋಲ್ಜರುಗಳ ಮುಂದೆ ಕುಣಿಯುವ ತಂಡಕ್ಕೆ ಇವಳು ಸೇರಿದ್ದು. ಮೊದಲ ಸಿನಿಮಾದಲ್ಲಿ ಬಾಗಿಲು ತೆರೆಯುವ ಕೆಲಸದವಳು, ಎರಡನೆಯದರಲ್ಲಿ ಬಾಗಿಲು ಹಾಕುವ ಕೆಲಸದವಳು. ಆಮೇಲೆ ಒಂದು ಬಗೆಯ ಪಾತ್ರ ಅಂಟಿಕೊಂಡಿತು. ನಾಯಕ ಇನ್ನೊಬ್ಬಳನ್ನು ಮದುವೆಯಾಗಬೇಕಲ್ಲ, ಅದಕ್ಕಾಗಿ ಸಾಯುವ ಮೊದಲ ಹೆಂಡತಿ. ಏಳು ಸಿನಿಮಾದಲ್ಲಿ ಸತ್ತಿದ್ದಳು.

"ಸತ್ತದಕ್ಕೆ ಸಂಬಳ ಕೊಟ್ಟವೆನಾ?" ಎಂದು ಅಜ್ಜಿ ದಂಗಾಗಿ ಕೇಳಿದರು.

ಕೊಡುತ್ತಾರೆ, ಆ ಸಂಬಳದಲ್ಲೇ ಪುಟ್ಟ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಸಾಕುತ್ತಿದ್ದೇನೆ ಎಂದಳು ವಿನಿ. ಗಂಡ? ಇದ್ದ, ಬಿಟ್ಟೆ. ಇನ್ನೊಬ್ಬನಿದ್ದ, ಅವನೇ ಬಿಟ್ಟ. ಇದನ್ನು ಅಜ್ಜಿಗೆ ಅನುವಾದ ಮಾಡಲು ನನಗೆ ಧೈರ್ಯ ಸಾಲದೆ, ಇಬ್ಬರನ್ನೂ ಯುದ್ಧಕ್ಕೆ ಕಳಿಸಿ ಕೊಲ್ಲಿಸಿದೆ. ಅಜ್ಜಿ ಅವಳ ತಲೆ ಸವರಿದರು. ವಿನಿಗೆ ಯಾಕೆಂದು ಗೊತ್ತಾಗಲಿಲ್ಲ, ಕಣ್ಣು ಮಾತ್ರ ತುಂಬಿಕೊಂಡಳು.

ಸತ್ತು ತೋರಿಸು ಎಂದರು ಅಜ್ಜಿ ಒಂದು ದಿನ. ಹಾಸಿಗೆ ಹಿಡಿದವರ ಮುಂದೆ ಹಾಗೆಲ್ಲ ಆಡಬಾರದು ಎಂದು ನಾನು ಬೇಡ ಬೇಡ ಎಂದೆ. ವಿನಿ ಆಗಲೇ ಅಜ್ಜಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿಯಾಗಿತ್ತು. ಎದೆ ಹಿಡಿದಳು, ಕೈ ಮೇಲೆತ್ತಿದಳು, ಏನೋ ಹೆಸರು ಕರೆದಳು, ತಲೆ ವಾಲಿಸಿದಳು. ನನಗಂತೂ ಎದೆ ಧಸಕ್ಕೆಂದಿತು. ಅಜ್ಜಿಗೆ ಏನೂ ಆಗಲಿಲ್ಲ.

"ಹಂಗೆ ಯಾರೂ ಸಾಯ್ದುಲೆ ಗೂಡೆ" ಎಂದರು. "ನನ್ನ ಅವ್ವನ ನೋಡಿಯೊಳೆ, ನನ್ನ ಗಂಡನ ನೋಡಿಯೊಳೆ. ಕೈ ಎತ್ತಿಕೆ ಶಕ್ತಿ ಎಲ್ಲಿಂದ ಬಂದದೆ? ಸುಮ್ಮಂಗೆ ಪಕ್ಕಕ್ಕೆ ಸರ್ದವೆ. ಬರುವವ್ಕೆ ಜಾಗ ಮಾಡಿಕೊಟ್ಟವೆ."

ಬರುವವರು ಯಾರು ಎಂದು ವಿನಿ ಕೇಳಿದಳು. ಮೊದಲೇ ಹೋದವರು ಕರೆದುಕೊಂಡು ಹೋಗಲು ಬರುತ್ತಾರೆ, ಅವರು ಕೂರುವುದು ಬೇಡವೇ ಎಂದರು ಅಜ್ಜಿ. ವಿನಿ ಮತ್ತೆ ಮಲಗಿದಳು, ಸರಿದಳು. ಇನ್ನೂ ಮೆಲ್ಲ ಎಂದರು ಅಜ್ಜಿ. ಮತ್ತೆ ಸರಿದಳು. ನಾಲ್ಕು ಸಲ ಸಾಯಿಸಿ ಆಮೇಲೆ ಬಿಟ್ಟರು. ನನಗೆ ಅನ್ನ ಮಾಡುವುದನ್ನು ಕಲಿಸುವಾಗಲೂ ಅಷ್ಟು ಶ್ರಮ ಪಟ್ಟಿರಲಿಲ್ಲ.

ಎಂಟನೆಯ ದಿನ ಡೈರೆಕ್ಟರಿಗೆ ಹಿಂದುಗಡೆ ಕೊಡ ಹೊತ್ತು ನಡೆಯುವ ಹೆಂಗಸೊಬ್ಬಳು ಬೇಕಾದಳು. ವಿನಿ ನನ್ನ ಹೆಸರು ಹೇಳಿದಳು. ನಾನು ಬೇಡವೆನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ರಾತ್ರಿಯೇ ಮದುವೆ ಸೀರೆ ತೆಗೆದಿಟ್ಟೆ. ಬೆಳಿಗ್ಗೆ ಅಜ್ಜಿಯ ಉಸಿರು ಸ್ವಲ್ಪ ಮೇಲೆ ಕೆಳಗೆ ಆಗುತ್ತಿತ್ತು. ಆಗಾಗ ಹಾಗಾಗುತ್ತಿದ್ದದ್ದೇ, ಎಂದು ನನಗೆ ನಾನೇ ಹೇಳಿಕೊಂಡೆ. "ಹೋಗಿಬಾ" ಎಂದರು ಅಜ್ಜಿ. ನಮ್ಮವರನ್ನು ಹತ್ತಿರ ಕೂರಿಸಿ ಹೋದೆ. ಆ ಹೋಗಿಬಾ ಎಂಬ ಮಾತಿಗೆ ಆತುಕೊಂಡೇ ನಾನು ಇಷ್ಟು ವರ್ಷ ಬದುಕಿರುವುದು.

ಹತ್ತೂವರೆಯ ಸುಮಾರಿಗೆ ಬಂಗಲೆಯ ಅಂಗಳದಲ್ಲಿ ಮೋಡ ಸರಿಯಲೆಂದು ಎಲ್ಲರೂ ಕಾಯುತ್ತಿದ್ದೆವು. ನಾನು ಕೊಡ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ, ಪಕ್ಕದಲ್ಲಿ ವಿನಿ. ಆಗ ಎರಡು ಗುಂಡು ಕೇಳಿದವು, ಒಂದರ ಹಿಂದೆ ಒಂದು. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಶುರುವಾಯಿತಲ್ಲ ಇವತ್ತಿನದು ಎಂದುಕೊಂಡೆ. ಆ ಮನೆಯ ಸೊಸೆ ನಾನು, ಹಾಗೆಂದುಕೊಂಡೆ.

ವಿನಿ ನನ್ನ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಎದುರಿನ ಮೇಜು ತೋರಿಸಿದಳು. ಸಿನಿಮಾದ ಕೋವಿ ಮೇಜಿನ ಮೇಲೆ ಬಟ್ಟೆ ಹೊದ್ದು ಮಲಗಿತ್ತು.

"ಸೀತಾ, ನಮ್ಮ ಕೋವಿ ಇಲ್ಲಿದೆ" ಎಂದಳು.

ಕೊಡ ಕೈತಪ್ಪಿ ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿತು. ಓಡಿದೆವು. ಮನೆ ತಲುಪಿದಾಗ ನಮ್ಮವರು ಅಂಗಳದಲ್ಲಿ ಕೋವಿ ಹಿಡಿದು ಒಬ್ಬರೇ ನಿಂತಿದ್ದರು. ಗದ್ದೆ ಬದು ಖಾಲಿ. ದಾರಿ ಖಾಲಿ. ಯಾರೂ ಬರಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದ್ದವರು ಅವರೇ ತಾನೇ. ಮತ್ತೆ ಎರಡು ಗುಂಡು ಹಾರಿಸಿದರು. ಅದಕ್ಕೂ ಯಾರೂ ಬರಲಿಲ್ಲ. ಒಳಗೆ ಅಜ್ಜಿ, ಹೊರಗೆ ನಾವು ಮೂವರು. ನಮ್ಮವರು ಅಂದು ಅತ್ತ ಹಾಗೆ ಆಮೇಲೆ ಯಾವತ್ತೂ ಅತ್ತಿಲ್ಲ.

ವಿನಿ ನನ್ನನ್ನು ಎಳೆದುಕೊಂಡು ಹೋಗಿ ನಮ್ಮ ಹಿಂದೆಯೇ ಬಂದಿದ್ದ ಸಿನಿಮಾದವರ ಜೀಪಿಗೆ ಹತ್ತಿಸಿದಳು. ಮೊದಲು ಬೆಳ್ಯಪ್ಪಣ್ಣನ ಮನೆ. ಅವರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಮದುವೆ ಸೀರೆಯಲ್ಲಿ, ಮುಖಕ್ಕೆ ಸಿನಿಮಾದ ಬಣ್ಣ ಬಳಿದುಕೊಂಡು, ಅಳುತ್ತ ಇಳಿದೆ. ಪಕ್ಕದಲ್ಲಿ ವಿನಿಯೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಬೆಳ್ಯಪ್ಪಣ್ಣ ನಮ್ಮಿಬ್ಬರನ್ನು ನೋಡಿ ನಕ್ಕರು. "ಲಾಯ್ಕ ಅಳ್ತೊಳೊ ಇಬ್ಬರೂ. ಕ್ಯಾಮರ ಎಲ್ಲಿ ಮಡಗಿಯೊಳೊ?" ಎಂದು ಮರದ ಸಂದಿಯಲ್ಲೆಲ್ಲ ಹುಡುಕಿ ನೋಡಿದರು. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೊರಗಿ ನಗುತ್ತ ನಿಂತರು. ನಾನು ಆಣೆ ಹಾಕಿದೆ. ನಿನಗಿಂತ ಚೆನ್ನಾಗಿ ಮೇಡಂ ಅಳುತ್ತಾಳೆ ಎಂದರು ಆಕೆ. ನನ್ನ ಜೀವಮಾನದಲ್ಲಿ ಅಷ್ಟು ಬೆಚ್ಚಿಬಿದ್ದದ್ದಿಲ್ಲ. ನಿಜವಾಗಿ ಸತ್ತವರಿಗಾಗಿ ನಿಜವಾಗಿ ಅತ್ತರೂ ನಂಬುವವರಿಲ್ಲ, ಮತ್ತು ಆ ತಪ್ಪು ಅವರದ್ದಲ್ಲ.

ಆಗ ವಿನಿ ಅಳು ನಿಲ್ಲಿಸಿದಳು. ಸೆರಗಿಲ್ಲದ ಫ್ರಾಕಿನ ತುದಿಯಿಂದಲೇ ಮುಖದ ಬಣ್ಣ, ಕಣ್ಣೀರು ಎಲ್ಲ ಒರೆಸಿದಳು. ಎರಡು ಕೈ ಕೆಳಗೆ ಬಿಟ್ಟು ನಿಂತು, ಎಂಟು ದಿನ ಅಜ್ಜಿಯ ಹತ್ತಿರ ಕೇಳಿ ಕೇಳಿ ಕಲಿತ ನಮ್ಮ ಮಾತಿನಲ್ಲಿ, ರಾಗವಿಲ್ಲದೆ ಹೇಳಿದಳು.

"ಅಜ್ಜಿ ಹೋತ್. ಅಂಗಳಲಿ ಯಾರೂ ಇಲ್ಲೆ."

ಬೆಳ್ಯಪ್ಪಣ್ಣ ಬಾಯಲ್ಲಿದ್ದ ಎಲೆಯಡಿಕೆ ಉಗಿದರು. ಎದ್ದು ಒಳಗೆ ಹೋಗಿ ಕತ್ತಿ ತಂದರು. ಆಮೇಲೆ ನಾವು ಬೇರೆ ಮನೆಗೆ ಹೋಗಬೇಕಾಗಿ ಬರಲಿಲ್ಲ. ಅವರ ಗಂಡುಮಕ್ಕಳು ನಾಲ್ಕು ದಿಕ್ಕಿಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು, ಮೊದಲ ಸಲಕ್ಕಿಂತ ಹೆಚ್ಚೇ. ಆದರೆ ನೋಡಲು ಅಜ್ಜಿ ಇರಲಿಲ್ಲ. ಮೋಡ ಸರಿದಿದೆ, ಬೆಳಕು ಬಂದಿದೆ ಎಂದು ಡೈರೆಕ್ಟರ್ ಎರಡು ಸಲ ಜನ ಕಳಿಸಿದ. ವಿನಿ ಹೆಂಗಸರ ನಡುವೆ ಚಾಪೆಯ ಮೇಲೆ ಕೂತವಳು ಏಳಲಿಲ್ಲ.

ವಿನಿ ತನ್ನೂರಿಗೆ ಹೋದ ಮೇಲೆ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು. ಸಿನಿಮಾ ಕಡಿಮೆಯಾಯಿತು, ಈಗ ಮನೆಯೊಳಗೆ ಪೆಟ್ಟಿಗೆಯಲ್ಲಿ ಕಾಣುವ ನಾಟಕದಲ್ಲಿ ಮಾಡುತ್ತಿದ್ದೇನೆ ಎಂದು ಬರೆದಿದ್ದಳು ಒಮ್ಮೆ. ಪೆಟ್ಟಿಗೆಯೊಳಗೆ ಹೇಗೆ ಹಿಡಿಸುತ್ತಾಳೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ನರ್ಸಾದಳು, ಅತ್ತೆಯಾದಳು, ಪೋಲೀಸಿನವನ ವಿಧವೆಯಾದಳು. ಮಗಳ ಮದುವೆಯ ಫೋಟೋ ಕಳಿಸಿದಳು. ಒಂದು ವರ್ಷ ಕಾರ್ಡು ಬರಲಿಲ್ಲ. ಅಲ್ಲಿಗೆ ನಿಂತಿತು.

ಹುಲಿಯ ಸಿನಿಮಾ ಮಡಿಕೇರಿಗೆ ಬಂದದ್ದು ಎರಡು ವರ್ಷದ ಮೇಲೆ. ಕೊಡಗು ಮೈಸೂರಿಗೆ ಸೇರುತ್ತದಂತೆ ಎಂದು ಎಲ್ಲ ಕಡೆ ಅದೇ ಮಾತು ನಡೆಯುತ್ತಿದ್ದ ಕಾಲ. ನಮ್ಮ ಊರಿಗೆ ಊರೇ ಬಸ್ಸು ಹಿಡಿದು ಹೋಯಿತು. ನನ್ನ ಒಂದು ಪಕ್ಕ ನಮ್ಮವರು, ಇನ್ನೊಂದು ಪಕ್ಕ ಬೆಳ್ಯಪ್ಪಣ್ಣ. ಪರದೆಯ ಮೇಲೆ ವಿನಿ ಬಂದಾಗ ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಿವಿದೆವು. ಬಂಗಲೆ ಬಂತು, ಅಂಗಳ ಬಂತು. ಬೆಳ್ಯಪ್ಪಣ್ಣ ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡರು. ಈಗ ಬರುತ್ತದೆ ಆ ಎರಡು ಗುಂಡು, ಈಗ ಬರುತ್ತದೆ ಎಂದು ಕಾದೆವು.

ಬರಲಿಲ್ಲ. ವಿನಿ ಬಾಗಿಲು ತೆರೆದು ಅಂಗಳ ನೋಡಿದಳು, ಮುಂದಿನ ದೃಶ್ಯದಲ್ಲಿ ಹಡಗು ಹೊರಡುತ್ತಿತ್ತು. ಹುಲಿ ಇಲ್ಲ, ಕೋವಿ ಇಲ್ಲ. ಅಷ್ಟನ್ನೂ ಕತ್ತರಿಸಿ ತೆಗೆದಿದ್ದರು. ಕೊನೆಯವರೆಗೆ ಕೂತಿದ್ದೆವು, ಎಲ್ಲಾದರೂ ಬರಬಹುದೆಂದು. ದೀಪ ಹಾಕಿದ ಮೇಲೂ ನಮ್ಮ ಸಾಲಿನವರು ಯಾರೂ ಏಳಲಿಲ್ಲ.

ಬೆಳ್ಯಪ್ಪಣ್ಣ ಖಾಲಿ ಪರದೆಯನ್ನೇ ನೋಡುತ್ತ ಕೇಳಿದರು. ನನ್ನನ್ನಲ್ಲ, ಯಾರನ್ನೂ ಅಲ್ಲ.

"ಹಂಗಾರೆ ಅಂದ್ ನಾವ್ ಎಂಥಕೆ ಮನೇಲಿ ಕೂತದ್?"